ಕೊಂಬೆಯನ್ನು ಎಲ್ಲಿ ಕೊಯ್ಯಬೇಕು?

ನಾವು ಪಾಠ ಹೇಳುವ ಕಾಲೇಜಿನ ಅಂಗಳದಲ್ಲಿದ್ದ ಗುಲ್‌ಮೊಹರ್ ಮರವೊಂದು ಮುಂಗಾರಿನ ಗಾಳಿಗೆ ಮುರಿದುಬಿದ್ದಿತು. ಮುರಿದ ಕಡೆ ಕಾಂಡವು ಟೊಳ್ಳಾಗಿದ್ದಿತು. ಆ ಟೊಳ್ಳಿನ ಬಾಯಿ, ಹಿಂದೊಮ್ಮೆ ಕೊಂಬೆಯನ್ನು ಕಾಂಡಕ್ಕೆ ಸಮನಾಗಿ ಕೊಯ್ದು ಟಾರು ಬಳಿದಿದ್ದ ಸ್ಥಳವೇ ಆಗಿದ್ದಿತು. ಮರವನ್ನು ಸವರುವುದು ಸುಲಭವಾದ ಕೆಲಸವೆಂದು ಭಾವಿಸುವವರು ಇದನ್ನು ವಿಚಾರಿಸಬೇಕು.

ಮೊದಲು ಬಲಗಳ ಲೆಕ್ಕವನ್ನು ನೋಡೋಣ. ಅಡ್ಡಲಾಗಿ ಚಾಚಿದ ಕೊಂಬೆಯು ಒಂದು ಸನ್ನೆಕೋಲಿನಂತೆ. ಅದರ ತೂಕ 40 ಕಿಲೋಗ್ರಾಂ, ಬುಡದ ದಪ್ಪ 10 ಸೆಂಟಿಮೀಟರ್, ಗುರುತ್ವಕೇಂದ್ರವು ಕಾಂಡದಿಂದ 2 ಮೀಟರ್ ದೂರದಲ್ಲಿದೆ ಎಂದಿಟ್ಟುಕೊಳ್ಳೋಣ. ಈ ದೂರವು ದಪ್ಪದ 20 ಪಟ್ಟು. ಆದುದರಿಂದ ಬುಡದ ಮೇಲ್ಭಾಗದ ನಾರುಗಳನ್ನು ಎಳೆಯುವ ಮತ್ತು ಕೆಳಭಾಗದ ನಾರುಗಳನ್ನು ಒತ್ತುವ ಬಲವು 800 ಕಿಲೋಗ್ರಾಂ ತೂಕಕ್ಕೂ ಮಿಗಿಲು. ಮೇಲಿನಿಂದಲೇ ಕೊಯ್ದರೆ, ಎಳೆತವನ್ನು ತಾಳಿದ್ದ ನಾರುಗಳು ಮೊದಲು ತುಂಡಾಗಿ, ಕೊಂಬೆಯು ಥಟ್ಟನೆ ಜೋತುಬಿದ್ದು, ಕಾಂಡದ ತೊಗಟೆಯನ್ನು ಸುಲಿದುಕೊಂಡು ಬೀಳುತ್ತದೆ. ಕೆಳಗಿನಿಂದಲೇ ಪೂರ್ತಿ ಕೊಯ್ಯಹೋದರೆ ಒತ್ತಡಕ್ಕೆ ಸಿಕ್ಕಿ ಗರಗಸವೇ ಕಚ್ಚಿಕೊಳ್ಳುತ್ತದೆ.

ಇದಕ್ಕೆ ಪರಿಹಾರ ಮೂರು ಕೊಯ್ತಗಳು. ಕಾಂಡದಿಂದ ಸುಮಾರು 30 ಸೆಂಟಿಮೀಟರ್ ಆಚೆ, ಕೆಳಗಿನಿಂದ ದಪ್ಪದ ಮೂರನೆಯ ಒಂದು ಭಾಗದಷ್ಟು ಕೊಯ್ಯುವುದು ಮೊದಲನೆಯದು. ಅದಕ್ಕೂ ತುಸು ಆಚೆ ಮೇಲಿನಿಂದ ಕೊಯ್ದು ಕೊಂಬೆಯನ್ನು ಬೀಳಿಸುವುದು ಎರಡನೆಯದು. ಸುಲಿಯತೊಡಗಿದ ತೊಗಟೆ ಮೊದಲ ಕೊಯ್ತದಲ್ಲಿಯೇ ನಿಂತುಹೋಗುತ್ತದೆ. ಉಳಿದ ಮೋಟನ್ನು ತೆಗೆಯುವುದು ಮೂರನೆಯದು.

ಆದರೆ ಮೋಟನ್ನು ಎಲ್ಲಿ ಕೊಯ್ಯಬೇಕು? ಕೊಂಬೆಯು ಕಾಂಡವನ್ನು ಸೇರುವಲ್ಲಿ ಉಂಗುರದಂತೆ ಉಬ್ಬಿದ ಭಾಗವೊಂದನ್ನು ಅನೇಕ ಮರಗಳಲ್ಲಿ ಕಾಣಬಹುದು. ಇದನ್ನು ಕೊಂಬೆಯ ಕೊರಳುಪಟ್ಟಿ ಎನ್ನೋಣ. ಇದರಲ್ಲಿ ಕಾಂಡದ ಅಂಗಾಂಶವೇ ಇರುತ್ತದೆ. ಅಮೆರಿಕದ ಅರಣ್ಯ ಇಲಾಖೆಯ ವಿಜ್ಞಾನಿ ಅಲೆಕ್ಸ್ ಶೈಗೊ ಅಸಂಖ್ಯ ಮರಗಳನ್ನು ಉದ್ದಕ್ಕೆ ಸೀಳಿ ಪರೀಕ್ಷಿಸಿದರು. ಕೊಳೆತವು ಹರಡದಂತೆ ಮರವು ಒಳಗೇ ಗೋಡೆಗಳನ್ನು ಕಟ್ಟಿಕೊಳ್ಳುವ ಬಗೆಯನ್ನು ಅವರು 1977ರಲ್ಲಿ ವಿವರಿಸಿದರು. ನಮ್ಮ ಚರ್ಮದಂತೆ ಮರದ ಗಾಯ ಮಾಯುವುದಿಲ್ಲ. ಗಾಯವನ್ನು ಒಳಗೇ ಬಂಧಿಸಿ, ಮರವು ಅದರ ಸುತ್ತ ಹೊಸದಾಗಿ ಬೆಳೆಯುತ್ತದೆ. ಕೊರಳುಪಟ್ಟಿಯನ್ನು ಕೊಯ್ದರೆ ಈ ರಕ್ಷಣೆಯು ಕುಂದಿ, ಗಾಯವು ಕಾಂಡಕ್ಕೇ ತಗಲುತ್ತದೆ. ಉದ್ದನೆಯ ಮೋಟನ್ನು ಬಿಟ್ಟರೆ ಅದು ಸತ್ತು ಅಣಬೆಜಾತಿಯ ಜೀವಿಗಳಿಗೆ ಆಹಾರವಾಗುತ್ತದೆ. ಆದುದರಿಂದ ಕೊರಳುಪಟ್ಟಿಯ ಹೊರ ಅಂಚಿನಲ್ಲಿಯೇ ಕೊಯ್ಯಬೇಕು.

ಟಾರನ್ನಾಗಲಿ ಬಣ್ಣವನ್ನಾಗಲಿ ಬಳಿದರೆ ಕೊಳೆತವು ತಡೆಯುವುದಿಲ್ಲವೆಂಬುದೂ ಪ್ರಯೋಗಗಳಿಂದ ತಿಳಿದುಬಂದಿದೆ. ಉದ್ಯಾನದ ನಕ್ಷೆಯಲ್ಲಿ ತಪ್ಪಾಗಿ ಎಳೆದ ಗೆರೆಯನ್ನು ರಬ್ಬರಿನಿಂದ ಅಳಿಸಬಹುದು. ಗರಗಸದ ಗೆರೆಯನ್ನು ಮಾತ್ರ ಮರವು ತನ್ನ ಆಯುಷ್ಯವಿರುವವರೆಗೂ ಒಡಲಿನಲ್ಲಿ ಹೊತ್ತಿರುತ್ತದೆ.