ಮಳೆಯ ನೀರು ಎಲ್ಲಿಗೆ ಹೋಯಿತು?
ಮಂಗಳೂರಿನಲ್ಲಿ ಒಂದು ದಿನದ ವಿಜ್ಞಾನ ಸುತ್ತಾಟ

ಮಕ್ಕಳೇ, ಶಾಲಾ ಪ್ರವಾಸ ಎಂದೊಡನೆ ನಿಮಗೆ ಏನು ನೆನಪಾಗುತ್ತದೆ? ಮೈಸೂರಿನ ಅರಮನೆ, ಬೇಲೂರು, ಹಳೇಬೀಡು, ಜೋಗ ಜಲಪಾತ ಅಲ್ಲವೇ? ಇವೆಲ್ಲ ನೋಡಲೇಬೇಕಾದ ಸ್ಥಳಗಳು. ಆದರೆ ನಮ್ಮ ಊರಿನಲ್ಲೇ ಸಿಟಿ ಬಸ್ಸಿನಲ್ಲಿ ತಿರುಗಾಡಿ, ಒಂದು ಪ್ರಶ್ನೆಗೆ ಉತ್ತರ ಹುಡುಕುವ ಪ್ರವಾಸವೂ ಉಂಟು. ಅದಕ್ಕೆ ಹೆಚ್ಚು ಹಣ ಬೇಡ. ಒಂದು ನೋಟ್ ಪುಸ್ತಕ, ಪೆನ್ಸಿಲ್, ಬುತ್ತಿ ಮತ್ತು ಕುಡಿಯುವ ನೀರು ಇದ್ದರೆ ಸಾಕು.

ಪ್ರಶ್ನೆ ಹುಟ್ಟಿದ್ದು ಹೀಗೆ

2018ರ ಮೇ 29ರಂದು ಮಂಗಳೂರಿನಲ್ಲಿ ಸುರಿದ ಭಾರೀ ಮಳೆಗೆ ನಗರದ ತಗ್ಗು ಪ್ರದೇಶಗಳೆಲ್ಲ ನೀರಿನಲ್ಲಿ ಮುಳುಗಿದವು. ಮರುವರ್ಷ, 2019ರ ಮೇ ತಿಂಗಳಲ್ಲಿ, ಅದೇ ನಗರದಲ್ಲಿ ಕುಡಿಯುವ ನೀರಿಗೆ ತತ್ವಾರ. ನಳ್ಳಿಗೆ ಸರದಿಯಂತೆ ನೀರು ಬಿಡಬೇಕಾಯಿತು. ಆ ವರ್ಷ ಜೂನ್ ತಿಂಗಳಲ್ಲಿ ನಾನು ಒಂದು ಶಾಲೆಗೆ ಭೇಟಿ ನೀಡಿದಾಗ ಆರನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು:

“ಮಳೆಗಾಲದಲ್ಲಿ ನೀರು ನಮ್ಮ ಮನೆಯೊಳಗೇ ಬರ್ತದೆ. ಬೇಸಗೆಯಲ್ಲಿ ನಳ್ಳಿಯಲ್ಲೂ ಬರುವುದಿಲ್ಲ. ಹಾಗಾದರೆ ಮಳೆಯ ನೀರು ಎಲ್ಲಿಗೆ ಹೋಗ್ತದೆ ಟೀಚರ್?”

“ಸಮುದ್ರಕ್ಕೆ” ಎಂದೆ. “ಎಲ್ಲವೂ ಹೋಗ್ತದಾ? ಹಾಗಾದರೆ ಬಾವಿಯಲ್ಲಿ ಇರುವುದು ಯಾವ ನೀರು?” ಎಂದಳು. ನನ್ನ ಉತ್ತರ ತಪ್ಪಲ್ಲ, ಆದರೆ ಅರ್ಧ ಉತ್ತರ ಎಂದು ಆಗ ತಿಳಿಯಿತು. ಉಳಿದ ಅರ್ಧವನ್ನು ಹುಡುಕಲು ಡಿಸೆಂಬರಿನ ಒಂದು ಶನಿವಾರ ನಾವು ಹೊರಟೆವು. ಆ ವರ್ಷ ಹಣ ಹೊಂದಿಸಲಾಗದೆ ಮೈಸೂರು ಪ್ರವಾಸಕ್ಕೆ ಹೆಸರು ಕೊಡದಿದ್ದ ಐದಾರು ಮಕ್ಕಳೂ ನಮ್ಮ ಜೊತೆಗಿದ್ದರು. ಪ್ರಶ್ನೆ ಕೇಳಿದ ಹುಡುಗಿ ಅವರಲ್ಲಿ ಒಬ್ಬಳು.

ಹೊರಡುವ ಮೊದಲು ಒಂದು ಲೆಕ್ಕ

ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ಒಂದು ಚದರ ಮೀಟರ್ ಜಾಗದಲ್ಲಿ 1 ಮಿ.ಮೀ. ಮಳೆ ಬಿದ್ದರೆ ಅದು 1 ಲೀಟರ್ ನೀರು. ಈಗ ನಿಮ್ಮ ಶಾಲೆಯ ಮಾಡಿನ ಉದ್ದ 10 ಮೀಟರ್, ಅಗಲ 8 ಮೀಟರ್ ಎಂದುಕೊಳ್ಳಿ. ವಿಸ್ತೀರ್ಣ 80 ಚದರ ಮೀಟರ್. ವರ್ಷಕ್ಕೆ ಅದರ ಮೇಲೆ ಬೀಳುವ ನೀರು 80 × 3,500 = 2,80,000 ಲೀಟರ್! ನೂರು ಮಕ್ಕಳಿಗೆ ದಿನಕ್ಕೆ ತಲಾ 5 ಲೀಟರ್ ಕೊಟ್ಟರೂ ಅದು 560 ದಿನಗಳಿಗೆ ಸಾಕು.

ಅಂದರೆ ನಮಗೆ ಮಳೆಯ ಕೊರತೆ ಇಲ್ಲ. ಆದರೆ ಇದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ನಾಲ್ಕೇ ತಿಂಗಳಲ್ಲಿ ಸುರಿದು ಮುಗಿಯುತ್ತದೆ. ಉಳಿದ ತಿಂಗಳುಗಳಿಗೆ ನೀರನ್ನು ಕಾಪಿಡುವವರು ಯಾರು? ನೋಡೋಣ ಬನ್ನಿ.

ಮೊದಲ ನಿಲ್ದಾಣ: ಕದ್ರಿ ಗುಡ್ಡ

ಕದ್ರಿ ಪಾರ್ಕಿನಲ್ಲಿ ಆಟವಾಡುವ ಮೊದಲು ನೆಲದತ್ತ ನೋಡಿ. ಇಟ್ಟಿಗೆಯ ಬಣ್ಣದ, ತೂತುತೂತಾದ ಕಲ್ಲು ಕಾಣುತ್ತದೆ. ಇದೇ ಮುರಕಲ್ಲು. ಕೆಲವೆಡೆ ಜಂಬಿಟ್ಟಿಗೆ ಎನ್ನುತ್ತಾರೆ. ನಮ್ಮ ಮನೆಗಳ ಗೋಡೆ, ಕಾಂಪೌಂಡು ಎಲ್ಲ ಇದರದ್ದೇ. ಇಂಥ ಕಲ್ಲಿಗೆ 1807ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ-ವಿಜ್ಞಾನಿ ‘ಲ್ಯಾಟರೈಟ್’ ಎಂದು ಹೆಸರಿಟ್ಟರು. ಲ್ಯಾಟಿನ್ ಭಾಷೆಯಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ.

ಈ ಕಲ್ಲು ಹೇಗೆ ಆಯಿತು? ಲಕ್ಷಾಂತರ ವರ್ಷ ಬಿಸಿಲು ಮತ್ತು ಮಳೆಗೆ ಸಿಕ್ಕಿದ ಬಂಡೆಯಿಂದ ನೀರಿನಲ್ಲಿ ಕರಗುವ ಅಂಶಗಳು ತೊಳೆದುಹೋದವು. ಸುಲಭವಾಗಿ ಕರಗದ ಕಬ್ಬಿಣ ಮತ್ತು ಅಲ್ಯುಮಿನಿಯಂ ಆಕ್ಸೈಡುಗಳು ಉಳಿದವು. ಕಬ್ಬಿಣದ ತುಕ್ಕಿಗೆ ಕೆಂಪು ಬಣ್ಣವಿದೆಯಲ್ಲವೇ? ಮುರಕಲ್ಲಿನ ಕೆಂಪೂ ಕಬ್ಬಿಣದ ಆಕ್ಸೈಡಿನಿಂದಲೇ ಬಂದದ್ದು.

*ಮಾಡಿ ನೋಡಿ:* ಒಂದು ತುಂಡು ಮುರಕಲ್ಲು ಮತ್ತು ಅಡುಗೆಮನೆಯ ರುಬ್ಬುವ ಕಲ್ಲು, ಎರಡರ ಮೇಲೂ ಒಂದೊಂದು ಚಮಚ ನೀರು ಹಾಕಿ. ರುಬ್ಬುವ ಕಲ್ಲಿನ ಮೇಲೆ ನೀರು ಹರಿದುಹೋಗುತ್ತದೆ. ಮುರಕಲ್ಲು ಅದನ್ನು ಹೀರಿಕೊಳ್ಳುತ್ತದೆ.

ಗುಡ್ಡದ ತುದಿಯಲ್ಲಿ ಬಿದ್ದ ಮಳೆ ಹೀಗೆಯೇ ಒಳಗಿಳಿಯುತ್ತದೆ. ಎಷ್ಟು ಆಳಕ್ಕೆ? ಮುರಕಲ್ಲಿನ ಕೆಳಗೆ ಬಿಳಿ ಅಥವಾ ನಸುಗೆಂಪು ಬಣ್ಣದ ನುಣ್ಣನೆಯ ಶೇಡಿ ಮಣ್ಣು ಇರುತ್ತದೆ. ಅದರೊಳಗೆ ನೀರು ಸುಲಭವಾಗಿ ಇಳಿಯದು. ಕೆಳಗೆ ಹೋಗಲಾಗದ ನೀರು ಪಕ್ಕಕ್ಕೆ ಸರಿದು, ಗುಡ್ಡದ ಬದಿಯಲ್ಲಿ ಒರತೆಯಾಗಿ ಹೊರಬರುತ್ತದೆ. ಕದ್ರಿ ಮಂಜುನಾಥ ದೇವಾಲಯದ ಹಿಂಬದಿಯ ಎತ್ತರದಲ್ಲಿ ಗೋಮುಖದಿಂದ ಬೀಳುವ ನೀರನ್ನೂ, ಅದು ತುಂಬುವ ಕೆರೆಗಳನ್ನೂ ನೋಡಿದ್ದೀರಾ? ಗುಡ್ಡವೇ ಒಂದು ದೊಡ್ಡ ಸ್ಪಂಜು ಎಂದು ಅಲ್ಲಿ ನಿಂತರೆ ತಿಳಿಯುತ್ತದೆ.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಬಂಟ್ವಾಳ, ಪುತ್ತೂರು, ಸುಳ್ಯ, ಕಾಸರಗೋಡಿನ ಕಡೆ ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆದು ನೀರು ಪಡೆಯುತ್ತಾರೆ. ಪಂಪು ಬೇಡ, ನೀರು ತಾನಾಗಿ ಹರಿದು ಬರುತ್ತದೆ. ಅಡ್ಯನಡ್ಕದ ಕೃಷಿಕ ಅಮೈ ಮಹಾಲಿಂಗ ನಾಯ್ಕರು ಹಲವು ಸಲ ಸೋತರೂ ಬಿಡದೆ ಒಬ್ಬರೇ ಸುರಂಗ ಕೊರೆದು ಬೋಳುಗುಡ್ಡವನ್ನು ತೋಟ ಮಾಡಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂತು.

ಎರಡನೆಯ ನಿಲ್ದಾಣ: ಹೆಸರಿನಲ್ಲೇ ನಕ್ಷೆ

ಕದ್ರಿಯಿಂದ ಇಳಿಯುತ್ತಾ ಬಸ್ಸುಗಳ ಬೋರ್ಡು ಓದಿ. ಪದವಿನಂಗಡಿ, ಕೊಡಿಯಾಲ್‌ಬೈಲ್, ಬೆಂಗ್ರೆ. ತುಳುವಿನಲ್ಲಿ ‘ಪದವು’ ಎಂದರೆ ಗುಡ್ಡದ ಮೇಲಿನ ಸಮತಟ್ಟು ಜಾಗ. ‘ಬೈಲು’ ಎಂದರೆ ಎರಡು ಗುಡ್ಡಗಳ ನಡುವಿನ ತಗ್ಗು, ಭತ್ತದ ಗದ್ದೆ ಇರುವಲ್ಲಿ. ‘ಬೆಂಗ್ರೆ’ ಎಂದರೆ ನದಿಗೂ ಸಮುದ್ರಕ್ಕೂ ನಡುವಿನ ಹೊಯ್ಗೆಯ ದಿಣ್ಣೆ. ಹೆಸರಿಟ್ಟವರು ನೆಲದ ಎತ್ತರ-ತಗ್ಗುಗಳನ್ನು ಚೆನ್ನಾಗಿ ಬಲ್ಲವರಾಗಿದ್ದರು!

ಮಳೆಗಾಲದಲ್ಲಿ ಗುಡ್ಡದಿಂದ ಇಳಿದ ನೀರು ಬೈಲಿನ ಗದ್ದೆಗಳಲ್ಲಿ ನಿಲ್ಲುತ್ತಿತ್ತು. ಗದ್ದೆಯ ಹುಣಿ, ಅಂದರೆ ಬದು, ಒಂದು ಪುಟ್ಟ ಅಣೆಕಟ್ಟು. ನಿಂತ ನೀರು ನಿಧಾನವಾಗಿ ಇಂಗಿ ಸುತ್ತಲಿನ ಬಾವಿಗಳನ್ನು ತುಂಬಿಸುತ್ತಿತ್ತು. ಈಗ ನಗರದೊಳಗಿನ ಬೈಲುಗಳಲ್ಲಿ ರಸ್ತೆ, ಕಟ್ಟಡಗಳಿವೆ. ಗುಡ್ಡದ ಮೇಲೆ ಕಾಂಕ್ರೀಟು, ಮನೆಯಂಗಳದಲ್ಲಿ ಇಂಟರ್‌ಲಾಕ್. ಹೀರುವ ಮೇಲ್ಮೈ ಮುಚ್ಚಿದರೆ ನೀರು ಹರಿಯಲೇಬೇಕು. ಅದು ಹುಡುಕುವುದು ತಗ್ಗನ್ನು. ತಗ್ಗಿನಲ್ಲಿ ಯಾರ ಮನೆ ಇದೆಯೋ ಅವರ ಮನೆಯೊಳಗೆ ನುಗ್ಗುತ್ತದೆ. ಹುಡುಗಿಯ ಪ್ರಶ್ನೆಯ ಮೊದಲ ಭಾಗಕ್ಕೆ ಉತ್ತರ ಇಲ್ಲಿದೆ.

ಮೂರನೆಯ ನಿಲ್ದಾಣ: ಅಳಿವೆ

ಹಳೆ ಬಂದರಿನ ಬಳಿ ನಿಂತರೆ ಎದುರಿಗೆ ಗುರುಪುರ ನದಿ, ಅದರಾಚೆ ಬೆಂಗ್ರೆ. ಉತ್ತರದಿಂದ ಬರುವ ಗುರುಪುರ ನದಿಯೂ (ಇದನ್ನು ಫಲ್ಗುಣಿ ಎಂದೂ ಕರೆಯುತ್ತಾರೆ) ಪೂರ್ವದಿಂದ ಬರುವ ನೇತ್ರಾವತಿಯೂ ಒಂದೇ ಅಳಿವೆಯಲ್ಲಿ ಅರಬ್ಬೀ ಸಮುದ್ರ ಸೇರುತ್ತವೆ.

ಪಶ್ಚಿಮ ಘಟ್ಟದಲ್ಲಿ ಹುಟ್ಟುವ ನೇತ್ರಾವತಿಯ ಉದ್ದ ಸುಮಾರು 100 ಕಿ.ಮೀ. ಕಾವೇರಿಯ ಉದ್ದ ಸುಮಾರು 800 ಕಿ.ಮೀ. ಮಳೆಗಾಲದಲ್ಲಿ ನೇತ್ರಾವತಿ ಗಂಟೆಗೆ 4 ಕಿ.ಮೀ. ವೇಗದಲ್ಲಿ ಹರಿಯುತ್ತದೆ ಎಂದುಕೊಳ್ಳಿ. ಘಟ್ಟದ ನೀರು ಕಡಲು ಮುಟ್ಟಲು ಎಷ್ಟು ಹೊತ್ತು ಬೇಕು? 25 ಗಂಟೆ! ನಿನ್ನೆ ಘಟ್ಟದಲ್ಲಿ ಬಿದ್ದ ಮಳೆ ಇಂದು ಸಮುದ್ರದಲ್ಲಿ.

ಅಳಿವೆಯಲ್ಲಿ ನೀರು ಯಾವಾಗಲೂ ಕಡಲಿನತ್ತಲೇ ಹರಿಯುತ್ತದೆಯೇ? ಇಲ್ಲ. ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಭರತದ ಹೊತ್ತಿಗೆ ಉಪ್ಪುನೀರು ನದಿಯೊಳಗೆ ಏರುತ್ತದೆ. ಮಳೆಗಾಲದಲ್ಲಿ ತುಂಬಿದ ನದಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಬೇಸಗೆಯಲ್ಲಿ ನದಿ ಸೊರಗಿದಾಗ ಉಪ್ಪುನೀರು ಮೇಲೆ ಮೇಲೆ ಬರುತ್ತದೆ. ಅದಕ್ಕೇ ನಗರದ ಕುಡಿಯುವ ನೀರನ್ನು ಅಳಿವೆಯಿಂದ ದೂರದ ತುಂಬೆಯಲ್ಲಿ, ನೇತ್ರಾವತಿಗೆ ಕಟ್ಟಿದ ಕಿಂಡಿ ಅಣೆಕಟ್ಟಿನಿಂದ ತರುತ್ತಾರೆ. ನದಿಗೆ ಒಳಹರಿವು ನಿಂತರೆ ಅಣೆಕಟ್ಟಿನಲ್ಲಿ ಇದ್ದಷ್ಟೇ ನೀರು. 2019ರ ಮೇ ತಿಂಗಳಲ್ಲಿ ಆದದ್ದು ಇದೇ.

*ಎಚ್ಚರಿಕೆ:* ಅಳಿವೆಯ ಬಳಿ ಸೆಳೆತ ಬಲವಾಗಿರುತ್ತದೆ. ಈಜು ಬಲ್ಲವರೂ ನೀರಿಗಿಳಿಯಬಾರದು. ಮಳೆಗಾಲದಲ್ಲಿ ಸಮುದ್ರತೀರಕ್ಕೆ ಹೋಗಲೇಬೇಡಿ.

ನಾಲ್ಕನೆಯ ನಿಲ್ದಾಣ: ತಣ್ಣೀರುಬಾವಿ

ಕೂಳೂರಿನ ಮೂಲಕ ರಸ್ತೆಯಲ್ಲಿ ತಣ್ಣೀರುಬಾವಿಗೆ ಹೋಗಬಹುದು. ಒಂದು ಕಡೆ ನದಿ, ಇನ್ನೊಂದು ಕಡೆ ಕಡಲು, ನಡುವೆ ಹೊಯ್ಗೆಯ ಉದ್ದನೆಯ ಪಟ್ಟಿ. ಸುತ್ತಲೂ ಉಪ್ಪುನೀರು. ಆದರೂ ಊರಿನ ಹೆಸರು ತಣ್ಣೀರುಬಾವಿ! ಇಂಥ ಹೊಯ್ಗೆಯಲ್ಲಿ ತೋಡಿದ ಬಾವಿಯಲ್ಲಿ ಸಿಹಿನೀರು ಹೇಗೆ ಸಿಗುತ್ತದೆ?

*ಮಾಡಿ ನೋಡಿ:* ಒಂದು ಲೋಟ ನೀರಿಗೆ ಮೂರು ಚಮಚ ಉಪ್ಪು ಮತ್ತು ಎರಡು ಹನಿ ನೀಲಿ ಶಾಯಿ ಹಾಕಿ ಕರಗಿಸಿ. ಅದನ್ನು ಗಾಜಿನ ಲೋಟಕ್ಕೆ ಅರ್ಧದವರೆಗೆ ಸುರಿಯಿರಿ. ನೀರಿನ ಮೇಲ್ಮೈಗೆ ತಾಗುವಂತೆ ಚಮಚ ಹಿಡಿದು, ಅದರ ಮೇಲೆ ಸಾದಾ ನೀರನ್ನು ನಿಧಾನವಾಗಿ ಬಿಡಿ. ಬಣ್ಣವಿಲ್ಲದ ಸಿಹಿನೀರು ನೀಲಿ ಉಪ್ಪುನೀರಿನ ಮೇಲೆ ನಿಲ್ಲುತ್ತದೆ.

ಉಪ್ಪುನೀರಿನ ಸಾಂದ್ರತೆ ಹೆಚ್ಚು, ಸಿಹಿನೀರಿನದು ಕಡಿಮೆ. ಹೊಯ್ಗೆಯೊಳಗೂ ಹೀಗೆಯೇ. ಅಲ್ಲಿ ಬಿದ್ದ ಮಳೆಯ ನೀರು ಕೆಳಗಿಳಿದು ಉಪ್ಪುನೀರಿನ ಮೇಲೆ ತೇಲುತ್ತದೆ. ಸಮುದ್ರಮಟ್ಟಕ್ಕಿಂತ 1 ಅಡಿ ಎತ್ತರಕ್ಕೆ ಸಿಹಿನೀರು ನಿಂತಿದ್ದರೆ, ಸಮುದ್ರಮಟ್ಟದ ಕೆಳಗೆ ಸುಮಾರು 40 ಅಡಿಯವರೆಗೆ ಸಿಹಿನೀರು ಇರಬಹುದು ಎಂಬುದು ವಿಜ್ಞಾನಿಗಳ ಲೆಕ್ಕ.

ಈಗ ಇದೇ ಲೆಕ್ಕವನ್ನು ತಿರುಗಿಸಿ ಓದಿ. ಪಂಪು ಹಾಕಿ ಮೇಲಿನ 1 ಅಡಿ ನೀರನ್ನು ಎತ್ತಿ ಖಾಲಿ ಮಾಡಿದರೆ, ಕೆಳಗಿನಿಂದ ಉಪ್ಪುನೀರು ಅಷ್ಟೂ ಎತ್ತರ ಮೇಲೇರಲು ದಾರಿಯಾಗುತ್ತದೆ. ಒಮ್ಮೆ ಉಪ್ಪಾದ ಬಾವಿ ಮತ್ತೆ ಸಿಹಿಯಾಗಲು ಎಷ್ಟೋ ಮಳೆಗಾಲಗಳು ಬೇಕಾಗಬಹುದು. ಕಡಲ ಬದಿಯ ಬಾವಿಯಿಂದ ಕೊಡದಲ್ಲಿ ಸೇದುವುದಕ್ಕೂ ದಿನವಿಡೀ ಪಂಪು ಓಡಿಸುವುದಕ್ಕೂ ಇರುವ ವ್ಯತ್ಯಾಸ ಇದು.

ಇನ್ನೊಂದು ದಿನ ಸಿಕ್ಕರೆ

ವಾಮಂಜೂರಿನ ಬಳಿಯ ಪಿಲಿಕುಳ ನಿಸರ್ಗಧಾಮಕ್ಕೆ ಹೋಗಿ. ತುಳುವಿನಲ್ಲಿ ‘ಪಿಲಿ’ ಎಂದರೆ ಹುಲಿ, ‘ಕುಳ’ ಎಂದರೆ ಕೊಳ. ಅಲ್ಲಿನ ಮೃಗಾಲಯ, ವಿಜ್ಞಾನ ಕೇಂದ್ರ ಮತ್ತು 2018ರಲ್ಲಿ ಆರಂಭವಾದ ತಾರಾಲಯ ನೋಡಲು ಒಂದು ದಿನ ಬೇಕು. ಕಾರ್ಕಳಕ್ಕೆ ಹೋದರೆ 1432ರಲ್ಲಿ ನಿಲ್ಲಿಸಿದ ಏಕಶಿಲೆಯ ಗೊಮ್ಮಟನ ಬಳಿ ಬಂಡೆಯನ್ನು ಮುಟ್ಟಿ ನೋಡಿ. ಮುರಕಲ್ಲಿನಂತೆ ಅದರಲ್ಲಿ ತೂತುಗಳಿವೆಯೇ? ಮಳೆ ಬಂದರೆ ಅಲ್ಲಿ ನೀರು ಇಂಗುವುದೋ ಹರಿಯುವುದೋ?

ಉಳಿದ ಅರ್ಧ ಉತ್ತರ

ಈಗ ಎಲ್ಲವನ್ನೂ ಜೋಡಿಸೋಣ. ಮಳೆಯ ನೀರಿನಲ್ಲಿ ಒಂದು ಪಾಲು ಬೇಗನೆ ಕಡಲು ಸೇರುತ್ತದೆ. ಒಂದು ಪಾಲು ಆವಿಯಾಗುತ್ತದೆ. ಇನ್ನೊಂದು ಪಾಲು ಗುಡ್ಡ, ಗದ್ದೆ, ಹೊಯ್ಗೆಗಳಲ್ಲಿ ಇಂಗುತ್ತದೆ. ಬೇಸಗೆಯಲ್ಲಿ ಬಾವಿಗೂ ನದಿಗೂ ನೀರು ಕೊಡುವುದು ಈ ಇಂಗಿದ ಪಾಲು. ಆದರೆ ಮುರಕಲ್ಲಿನ ಸ್ಪಂಜು ಬೇಗ ಹೀರುವಂತೆಯೇ ಬೇಗ ಸೋರುತ್ತದೆ. ಆದ್ದರಿಂದ ಮಳೆಗಾಲ ಮುಗಿಯುವಾಗ ಅದು ಪೂರ್ತಿ ತುಂಬಿರಬೇಕು. ನಾವು ಮುಚ್ಚಿದ ಪ್ರತಿ ಅಂಗಳವೂ ಆ ತುಂಬುವಿಕೆಯನ್ನು ಸ್ವಲ್ಪ ಕಡಿಮೆ ಮಾಡುತ್ತದೆ.

ಆ ಹುಡುಗಿ ಮರಳಿ ಬಂದ ಮೇಲೆ ನೆರೆಮನೆಯ ಬಾವಿಯನ್ನು ಅಳೆಯತೊಡಗಿದಳು. ಹಗ್ಗಕ್ಕೆ ಅಡಿಗೊಂದು ಗಂಟು, ತುದಿಗೆ ಒಂದು ಕಲ್ಲು. ಪ್ರತಿ ಶನಿವಾರ ಕಟ್ಟೆಯಿಂದ ನೀರಿನವರೆಗೆ ಎಷ್ಟು ಗಂಟು ಎಂದು ಬರೆದಿಟ್ಟಳು. 2020ರ ಮಾರ್ಚಿನಲ್ಲಿ ಕೊರೋನಾದಿಂದ ಶಾಲೆ ಮುಚ್ಚಿದಾಗಲೂ ಅವಳ ಅಳತೆ ನಿಲ್ಲಲಿಲ್ಲ. ಮುಂದೆ ಶಾಲೆಯ ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸುವ ಮಾತು ಬಂದಾಗ ಅವಳೂ ಗೆಳತಿಯರೂ ಆ ಪುಸ್ತಕ ಹಿಡಿದು ಶಾಲಾಭಿವೃದ್ಧಿ ಸಮಿತಿಯವರ ಮುಂದೆ ನಿಂತರು. ಬಾವಿಯ ಸುತ್ತಲಿನ ಜಾಗವನ್ನು ಹಾಗೆಯೇ ಬಿಡುವುದೆಂದೂ, ಮಾಡಿನ ನೀರನ್ನು ಅಲ್ಲಿ ತೋಡಿದ ಇಂಗುಗುಂಡಿಗೆ ಬಿಡುವುದೆಂದೂ ತೀರ್ಮಾನವಾಯಿತು.

ನಿಮ್ಮ ಶಾಲೆ ಕಡಲತೀರದಲ್ಲಿ ಇಲ್ಲದಿರಬಹುದು. ಆದರೆ ಒಂದು ಗುಡ್ಡ, ಒಂದು ತಗ್ಗು, ಒಂದು ಬಾವಿ ಖಂಡಿತ ಇರುತ್ತದೆ. ಈ ಶನಿವಾರ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು, ಕಟ್ಟೆ ಇರುವ ಬಾವಿಯ ಬಳಿ ಹೋಗಿ ಅಳತೆ ಶುರುಮಾಡಿ. ಮುಂದಿನ ಮೇ ತಿಂಗಳವರೆಗೆ ಬರೆದಿಡಿ. ನಿಮ್ಮ ಊರಿನ ಮಳೆಯ ನೀರು ಎಲ್ಲಿಗೆ ಹೋಯಿತು ಎಂದು ಆಗ ನೀವೇ ನಮಗೆ ಹೇಳಬಲ್ಲಿರಿ.