ಬಾಗಿಲ ಹಿಂದಿನ ಚಾರ್ಟು

ನಮ್ಮೂರು ಕೆ.ಆರ್. ಪೇಟೆ ತಾಲ್ಲೂಕಿನ ಸಂತೆಬಾಚಹಳ್ಳಿ. ಅಲ್ಲಿ ನನ್ನ ತಮ್ಮನಿಗೆ ಹೆಸರಿಗಿಂತ ಅಡ್ಡಹೆಸರುಗಳೇ ಜಾಸ್ತಿ. ತರಲೆ, ಕೋತಿ, ಗಾಳಿಪಟ. ಒಂಬತ್ತು ವರ್ಷದ ಹೈದ. ಊಟಕ್ಕೆ ಕೂತರೆ ಎರಡು ತುತ್ತಿಗೆ ಎದ್ದು ಬೀದಿಗೆ ಹೋಗಿರುತ್ತಾನೆ, ಯಾಕೆ ಹೋದೆ ಅಂದರೆ ಅವನಿಗೂ ನೆನಪಿರುವುದಿಲ್ಲ. ಶಾಲೆಯಿಂದ ವಾರಕ್ಕೊಂದು ದೂರು. ‘ಗಂಡುಡ್ಗ ಅಂದ್ಮೇಲೆ ಅಷ್ಟೂ ಇಲ್ದಿದ್ರೆ ಎಂಗೆ’ ಎನ್ನುವುದು ಅಜ್ಜಿಯ ಮಾತು. ಹೆದರಿಕೆ ಇಲ್ಲ, ಅದಕ್ಕೇ ಹಿಂಗೆ ಎನ್ನುವುದು ಅಪ್ಪನ ತೀರ್ಮಾನ. ತಾಯತ ಕಟ್ಟಿಸಿದ್ದೂ ಆಯಿತು.

ನಾನು ಬಿ.ಇ. ಓದುವವಳು, ಮನೆಯಲ್ಲಿ ಎಲ್ಲರಿಗಿಂತ ತಿಳಿದವಳು ಎಂಬ ಗರ್ವ ಬೇರೆ. ರಜೆಗೆ ಬಂದಾಗ ಅವನಿಗೆ ಮಗ್ಗಿ ಕಲಿಸಲು ಕೂತೆ. ಮೂರು ದಿನವಾದರೂ ಏಳರ ಮಗ್ಗಿ ಬರಲಿಲ್ಲ. ಸ್ಕೇಲಿನಲ್ಲಿ ಎರಡು ಬಾರಿಸಿದೆ. ಅವನು ಅಳಲಿಲ್ಲ. ‘ನಂಗೆ ಬರ್ತದೆ ಕಣಕ್ಕ, ಆದ್ರೆ ಓಡೋಗ್ತದೆ’ ಅಂದ. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಮರುವಾರ ಅವ್ವ, ನಾನು ಸೇರಿ ಅವನನ್ನು ಮೈಸೂರಿನ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಎರಡು ಮೂರು ಭೇಟಿಯ ನಂತರ ಡಾಕ್ಟರು ಹೇಳಿದ ಹೆಸರು ಎಡಿಎಚ್‌ಡಿ. ಗಮನ ಒಂದೆಡೆ ನಿಲ್ಲದಿರುವುದು, ಅತಿಯಾದ ಚಟುವಟಿಕೆ, ಯೋಚಿಸುವ ಮೊದಲೇ ಮಾಡಿಬಿಡುವುದು, ಇವು ಅದರ ಮುಖ್ಯ ಲಕ್ಷಣಗಳು. ಒಂದು ದಿನದ ತುಂಟತನ ನೋಡಿ ಈ ಹೆಸರು ಕೊಡುವಂತಿಲ್ಲ. ಲಕ್ಷಣಗಳು ಹನ್ನೆರಡು ವರ್ಷದೊಳಗೆ ಕಾಣಿಸಿಕೊಂಡಿರಬೇಕು, ಕನಿಷ್ಠ ಆರು ತಿಂಗಳಿಂದ ಇರಬೇಕು, ಮನೆ ಮತ್ತು ಶಾಲೆ ಹೀಗೆ ಎರಡು ಕಡೆಯಾದರೂ ತೊಂದರೆ ಕೊಡುತ್ತಿರಬೇಕು. ಕೆಲವು ಮಕ್ಕಳು ಓಡಾಡುವುದೇ ಇಲ್ಲ, ಸುಮ್ಮನೆ ಕಿಟಕಿ ನೋಡುತ್ತಾ ಕೂತಿರುತ್ತಾರೆ. ಹೆಣ್ಣುಮಕ್ಕಳಲ್ಲಿ ಇದು ಹೆಚ್ಚು, ಹಾಗಾಗಿ ಅವರ ಸಮಸ್ಯೆ ಯಾರ ಕಣ್ಣಿಗೂ ಬೀಳುವುದಿಲ್ಲ. ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ 1902ರಲ್ಲಿ ಇಂಥ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟಾಗ, ಬುದ್ಧಿ ಚೆನ್ನಾಗಿದ್ದರೂ ‘ನೈತಿಕ ನಿಯಂತ್ರಣ’ ಸಾಲದು ಎಂದಿದ್ದರು. ವೈದ್ಯಲೋಕ ಅಲ್ಲಿಂದ ಬಹಳ ಮುಂದೆ ಬಂದಿದೆ. ನಮ್ಮೂರ ಜಗಲಿಯ ತೀರ್ಪು ಮಾತ್ರ ಇನ್ನೂ 1902ರಲ್ಲೇ ಇದೆ.

ಡಾಕ್ಟರ ಕೋಣೆಯಲ್ಲಿ ನಾವು ಇದ್ದದ್ದು ಕಾಲು ಗಂಟೆ. ಉಳಿದ ಹೊತ್ತೆಲ್ಲ ಒಬ್ಬ ಸಿಸ್ಟರ್ ಜೊತೆ. ನಾನು ನರ್ಸ್ ಅಂದರೆ ಇಂಜೆಕ್ಷನ್ ಅಂದುಕೊಂಡಿದ್ದೆ. ಅವರು ಮೊದಲು ಏನೂ ಹೇಳದೆ ತಮ್ಮನನ್ನು ಆಡಲು ಬಿಟ್ಟು ನೋಡುತ್ತಾ ಕೂತರು. ಆಮೇಲೆ ಪ್ರಶ್ನೆಗಳು. ಯಾವ ಕೆಲಸದಲ್ಲಿ ಎಷ್ಟು ನಿಮಿಷ ಕೂರುತ್ತಾನೆ? ಜಗಳ ಶುರುವಾಗುವುದು ಹಸಿದಾಗಲೋ, ಸಂಜೆಗೋ? ರಾತ್ರಿ ಎಷ್ಟಕ್ಕೆ ಮಲಗುತ್ತಾನೆ? ನಮಗೆ ಒಂದಕ್ಕೂ ಸರಿಯಾದ ಉತ್ತರ ಗೊತ್ತಿರಲಿಲ್ಲ. ಒಂಬತ್ತು ವರ್ಷ ಬೈದಿದ್ದೆವೇ ಹೊರತು ನೋಡಿರಲಿಲ್ಲ.

‘ಸ್ನಾನ ಮಾಡಿ ಯೂನಿಫಾರಂ ಹಾಕ್ಕೊಂಡು ಬ್ಯಾಗ್ ತಗೊಂಡು ಬಾ ಅಂತೀರಲ್ಲ, ಅದು ಮೂರು ಕೆಲಸ ಕಣಮ್ಮ. ಒಂದೇ ಹೇಳಿ’ ಅಂದರು. ಅಡುಗೆಮನೆಯಿಂದ ಕೂಗಬಾರದು, ಹತ್ತಿರ ಹೋಗಿ, ಭುಜ ಮುಟ್ಟಿ, ಕಣ್ಣು ನೋಡಿ ಹೇಳಬೇಕು, ಹೇಳಿದ್ದನ್ನು ಅವನ ಬಾಯಿಂದ ಒಮ್ಮೆ ಹೇಳಿಸಬೇಕು. ಓದಲು ಬೀದಿ ಕಾಣುವ ಜಗಲಿ ಬೇಡ, ಗೋಡೆಗೆ ಮುಖ ಮಾಡಿ ಕೂರಿಸಿ. ಹತ್ತು ನಿಮಿಷ ಲೆಕ್ಕ, ಆಮೇಲೆ ಬಿಂದಿಗೆಯಲ್ಲಿ ನೀರು ತರುವ ಕೆಲಸ. ಓಡಾಡುವುದು ಹೇಗೂ ನಿಲ್ಲದು, ಅದಕ್ಕೊಂದು ದಾರಿ ಮಾಡಿಕೊಡಿ. ಪರೀಕ್ಷೆಯಲ್ಲಿ ಪಾಸಾದರೆ ಸೈಕಲ್ ಎಂಬ ಆಸೆ ಇಂಥ ಮಗುವಿಗೆ ತಲುಪುವುದೇ ಇಲ್ಲ. ಮಾಡಿದ ಕೂಡಲೇ ಒಂದು ಒಳ್ಳೆ ಮಾತು, ಚಾರ್ಟಿನಲ್ಲಿ ಒಂದು ನಕ್ಷತ್ರ ಸಾಕು. ನಾವು ಹಳ್ಳಿಯವರೆಂದು ತಿಳಿದ ಮೇಲೆ ಕೃಷಿಹೊಂಡ, ನಾಲೆ, ಪಂಪ್‌ಸೆಟ್ಟಿನ ವೈರು ಎಲ್ಲೆಲ್ಲಿವೆ ಎಂದು ಕೇಳಿದರು. ಯೋಚಿಸುವ ಮೊದಲೇ ಜಿಗಿಯುವ ಮಗುವಿಗೆ ಅಪಾಯದ ಜಾಗಗಳನ್ನು ದೊಡ್ಡವರೇ ಮೊದಲು ಗುರುತಿಸಿಟ್ಟುಕೊಂಡಿರಬೇಕು.

ಮಾತ್ರೆಯ ವಿಷಯದಲ್ಲೂ ದೊಡ್ಡ ಪಾಲು ಅವರದೇ. ತಮ್ಮನಿಗೆ ಬರೆದದ್ದು ಮೀಥೈಲ್‌ಫೆನಿಡೇಟ್. ಬೆಳಿಗ್ಗೆ ಕೊಡಬೇಕು, ತಡವಾಗಿ ಕೊಟ್ಟರೆ ರಾತ್ರಿ ನಿದ್ದೆ ಕೆಡುತ್ತದೆ. ಹಸಿವು ತಗ್ಗುತ್ತದೆ, ಅದಕ್ಕೇ ತಿಂಡಿ ತಿನ್ನಿಸಿ ಆಮೇಲೆ ಮಾತ್ರೆ. ತೂಕ, ಎತ್ತರ, ನಾಡಿ, ರಕ್ತದೊತ್ತಡ ಆಗಾಗ ಬರೆದಿಡಬೇಕು. ಈ ಔಷಧಿ ‘ಶೆಡ್ಯೂಲ್ ಎಕ್ಸ್’ ಪಟ್ಟಿಯಲ್ಲಿದೆ. ಚೀಟಿ ಇಲ್ಲದೆ ಕೊಡುವಂತಿಲ್ಲ, ಎಲ್ಲ ಮೆಡಿಕಲ್ ಸ್ಟೋರಿನವರೂ ಇಡುವುದಿಲ್ಲ. ನಮ್ಮಂಥ ಊರಿನವರಿಗೆ ಇದೊಂದು ದೊಡ್ಡ ಅಲೆದಾಟ.

ಕೊನೆಗೆ ಸಿಸ್ಟರ್ ಅವ್ವನ ಕಡೆ ತಿರುಗಿ ‘ನೀವು ರಾತ್ರಿ ನಿದ್ದೆ ಮಾಡ್ತೀರೇನಮ್ಮ?’ ಎಂದರು. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಇಷ್ಟು ವರ್ಷದಲ್ಲಿ ನಾನೂ ಆ ಪ್ರಶ್ನೆ ಕೇಳಿರಲಿಲ್ಲ.

ಆಮೇಲೆ ಹುಡುಕಿ ತಿಳಿದದ್ದು, 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸರ್ಕಾರಿ ಶಾಲೆಯ ಮಕ್ಕಳನ್ನು ಪರೀಕ್ಷಿಸುವ ಮೂವತ್ತು ಸಮಸ್ಯೆಗಳ ಪಟ್ಟಿಯಲ್ಲಿ ಎಡಿಎಚ್‌ಡಿಯೂ ಇದೆ. ಆದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಅದರ ಹೆಸರಿಲ್ಲ. ಕಲಿಕಾ ನ್ಯೂನತೆ ಮತ್ತು ಆಟಿಸಂ ಇವೆ. ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೇಳಲು ನನ್ನ ತಮ್ಮ ಯಾವ ಕಾಗದ ಹಿಡಿದು ಹೋಗಬೇಕು? ಸದ್ಯಕ್ಕೆ ಹತ್ತಿರದಲ್ಲಿ ದಾರಿ ಕಾಣದವರು 14416ಕ್ಕೆ ಕರೆ ಮಾಡಬಹುದು. ಅದು 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತನಾಡುತ್ತಾರೆ. ನರ್ಸಿಂಗ್ ಓದುತ್ತಿರುವ ಗೆಳತಿಯರಿಗೆ ಒಂದು ಮಾತು: ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನೋವೈದ್ಯಕೀಯ ನರ್ಸಿಂಗನ್ನೇ ವಿಶೇಷವಾಗಿ ಕಲಿಸುತ್ತಾರೆ. ಎಲ್ಲರೂ ಐಸಿಯು, ವಿದೇಶ ಎನ್ನುವಾಗ ಈ ಕಡೆಗೂ ಒಮ್ಮೆ ನೋಡಿ.

ನಾನೀಗ ಹಾಸ್ಟೆಲಿನಲ್ಲಿದ್ದೇನೆ. ಚಾರ್ಟನ್ನು ನಡುಮನೆಯ ಬಾಗಿಲ ಹಿಂದೆ ಅಂಟಿಸಿ ಬಂದಿದ್ದೆ. ತಿಂಡಿ, ಮಾತ್ರೆ, ಓದು, ನಿದ್ದೆ ಎಂದು ನಾಲ್ಕು ಸಾಲು. ಅಜ್ಜಿಗೆ ಅಕ್ಷರ ಬಾರದು, ಆದರೂ ನಕ್ಷತ್ರ ಅಂಟಿಸುವ ಕೆಲಸ ಅವರೇ ವಹಿಸಿಕೊಂಡಿದ್ದಾರೆ. ಏಳರ ಮಗ್ಗಿ ಏಳೆಂಟಲ ಐವತ್ತಾರರ ತನಕ ಬಂದು ಈಗಲೂ ಕೆಲವು ದಿನ ಓಡಿಹೋಗುತ್ತದೆ. ಹೋದ ತಿಂಗಳು ಊರಿಗೆ ಹೋದಾಗ ನೋಡಿದೆ, ಒಂದು ಗುರುವಾರದ ಮಾತ್ರೆಯ ಮನೆಯಲ್ಲಿ ನಕ್ಷತ್ರ ಇರಲಿಲ್ಲ. ಅವತ್ತು ರೇಷ್ಮೆಹುಳು ಹಣ್ಣಾಗಿ ಮನೆಯವರೆಲ್ಲ ಚಂದ್ರಿಕೆಗೆ ಬಿಡುವುದರಲ್ಲಿ ಮುಳುಗಿದ್ದರಂತೆ. ಖಾಲಿ ಮನೆಯಲ್ಲಿ ಪೆನ್ಸಿಲಿನ ಸೊಟ್ಟ ಅಕ್ಷರ, ಒತ್ತು ಬಿಟ್ಟು ಬರೆದದ್ದು: ‘ಅವ ಮರೆತಳು. ನಾನು ಮರೆತೆ.’