ಕೆಲಸ ಬಿಟ್ಟು ಸ್ವಂತ ಕಮ್ಯುನಿಕೇಷನ್ ಏಜೆನ್ಸಿ: ಬರೆಯಲು ಬಂದರೆ ಸಾಲದು, ಬಾಕಿ ಕೇಳಲೂ ಬರಬೇಕು!

ಪತ್ರಿಕೆ, ಟಿವಿ ಚಾನೆಲ್, ಜಾಹೀರಾತು ಸಂಸ್ಥೆ ಅಥವಾ ಕಂಪನಿಯೊಂದರ ಪಿಆರ್ ವಿಭಾಗದಲ್ಲಿ ಎಂಟು-ಹತ್ತು ವರ್ಷ ದುಡಿದವರಿಗೆ ಒಂದಲ್ಲ ಒಂದು ದಿನ ಈ ಯೋಚನೆ ಬಂದೇ ಬರುತ್ತದೆ: 'ಇದೇ ಕೆಲಸವನ್ನು ಸ್ವಂತವಾಗಿ ಮಾಡಿದರೆ ಹೇಗೆ?' ಪತ್ರಿಕಾ ಪ್ರಕಟಣೆ, ಜಾಹೀರಾತು ಬರಹ, ಅನುವಾದ, ಸೋಷಿಯಲ್ ಮೀಡಿಯಾ ನಿರ್ವಹಣೆ... ಇವಕ್ಕೆ ಅಂಗಡಿ ಬೇಕಿಲ್ಲ, ಗೋದಾಮು ಬೇಕಿಲ್ಲ. ಲ್ಯಾಪ್‌ಟಾಪ್, ಇಂಟರ್ನೆಟ್ ಮತ್ತು ನಾಲ್ಕು ಜನರ ಪರಿಚಯ ಇದ್ದರೆ ಶುರು ಮಾಡಬಹುದು.

ಶುರು ಮಾಡುವುದು ಸುಲಭ, ಎರಡನೇ ವರ್ಷದವರೆಗೆ ಉಳಿಯುವುದು ಕಷ್ಟ. ಏಕೆಂದರೆ ಇಲ್ಲಿ ಬದಲಾಗುವುದು ಕೆಲಸಕ್ಕಿಂತ ಹೆಚ್ಚಾಗಿ ಕೆಲಸ ಮಾಡುವವರ ಸ್ಥಾನ. ನಿನ್ನೆಯವರೆಗೆ ಕಂಪನಿಯ ಪರವಾಗಿ ಮಾತನಾಡುತ್ತಿದ್ದವರು ಇಂದಿನಿಂದ ತಮ್ಮ ಪರವಾಗಿ ಮಾತನಾಡಬೇಕು. ದರ ಹೇಳಬೇಕು, 'ಆಗುವುದಿಲ್ಲ' ಎನ್ನಬೇಕು, ಬಾಕಿ ಹಣ ಕೇಳಬೇಕು. ಬರವಣಿಗೆ ಚೆನ್ನಾಗಿದ್ದೂ ಏಜೆನ್ಸಿ ಮುಚ್ಚುವವರು ಸಾಮಾನ್ಯವಾಗಿ ಎಡವುವುದು ಇಲ್ಲೇ. ಹಾಗಾದರೆ ಈ ಹಾದಿಯಲ್ಲಿ ಹೊರಟವರು ತಿಳಿದಿರಬೇಕಾದದ್ದು ಏನು? ಇಲ್ಲಿದೆ ವಿವರ.

ರಾಜೀನಾಮೆ ಕೊಡುವ ಮೊದಲು

ಮೊದಲು ಈಗಿನ ಉದ್ಯೋಗದ ಒಪ್ಪಂದ ಪತ್ರವನ್ನು ಪೂರ್ತಿ ಓದಿ. ನೋಟಿಸ್ ಅವಧಿ ಎಷ್ಟು, ಕೆಲಸದಲ್ಲಿರುವಾಗಲೇ ಹೊರಗಿನ ಕೆಲಸ ಮಾಡಲು ಅನುಮತಿ ಇದೆಯೇ ಎಂಬುದು ಅದರಲ್ಲಿರುತ್ತದೆ. 'ಕೆಲಸ ಬಿಟ್ಟ ಮೇಲೆ ಇಷ್ಟು ವರ್ಷ ಇದೇ ಕ್ಷೇತ್ರದಲ್ಲಿ ದುಡಿಯಬಾರದು' ಎಂಬ ಷರತ್ತು ಕಂಡು ಹಲವರು ಹೆದರುತ್ತಾರೆ. 1872ರ ಭಾರತೀಯ ಕರಾರು ಕಾಯ್ದೆಯ ಸೆಕ್ಷನ್ 27ರ ಪ್ರಕಾರ, ಒಬ್ಬರು ಕಾನೂನುಬದ್ಧ ವೃತ್ತಿ ನಡೆಸುವುದನ್ನು ತಡೆಯುವ ಇಂಥ ಷರತ್ತುಗಳು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಆದರೆ ಗೌಪ್ಯತೆಯ ಷರತ್ತು ಬೇರೆ. ಹಳೆಯ ಕಂಪನಿಯ ಗ್ರಾಹಕರ ಪಟ್ಟಿ, ಕಡತ, ದರಪಟ್ಟಿಯನ್ನು ಹೊತ್ತು ತಂದರೆ ಅದು ತೊಂದರೆಗೆ ದಾರಿ.

ಎರಡನೆಯದು ಆರೋಗ್ಯ ವಿಮೆ. ಕಂಪನಿ ಕೊಟ್ಟ ಗ್ರೂಪ್ ವಿಮೆ ಕೆಲಸದ ಜೊತೆಗೇ ಹೋಗುತ್ತದೆ. ಹೊಸದಾಗಿ ಕೊಂಡ ಪಾಲಿಸಿಯಲ್ಲಿ ಮೊದಲೇ ಇದ್ದ ಕಾಯಿಲೆಗಳಿಗೆ 3 ವರ್ಷದವರೆಗೆ ಕಾಯುವ ಅವಧಿ ಇರಬಹುದು. ಗ್ರೂಪ್ ಪಾಲಿಸಿಯಿಂದ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಗಲು ಅವಕಾಶವಿದೆಯೇ ಎಂದು ರಾಜೀನಾಮೆಗೆ ಮೊದಲೇ ವಿಚಾರಿಸಿಕೊಳ್ಳುವುದು ಜಾಣತನ. ಮನೆಯಲ್ಲಿ ಬಿಪಿ, ಶುಗರ್ ಇರುವ ಅಪ್ಪ-ಅಮ್ಮ ಇದ್ದರಂತೂ ಇದನ್ನು ಮುಂದೂಡುವಂತೆಯೇ ಇಲ್ಲ.

ಮೂರನೆಯದು ಕೈಯಲ್ಲಿರುವ ಹಣ. ಕನಿಷ್ಠ 6 ತಿಂಗಳ ಮನೆಖರ್ಚು, ಬಾಡಿಗೆ ಮತ್ತು ಇಎಂಐ ಬೇರೆ ಖಾತೆಯಲ್ಲಿ ಇರಲಿ. ಮೊದಲ ತಿಂಗಳೇ ಕೆಲಸ ಸಿಕ್ಕರೂ ಅದರ ಹಣ ಕೈಸೇರಲು ಎರಡು-ಮೂರು ತಿಂಗಳು ಹಿಡಿಯಬಹುದು.

ದಿನಕ್ಕೆ ಎಷ್ಟು ಕೇಳಬೇಕು?

ಹೊಸಬರು ಮಾಡುವ ಸಾಮಾನ್ಯ ತಪ್ಪು ಸಂಬಳದ ಲೆಕ್ಕದಲ್ಲೇ ದರ ಹೇಳುವುದು. 'ತಿಂಗಳಿಗೆ 50,000 ರೂಪಾಯಿ ಬರುತ್ತಿತ್ತು, 22 ದಿನ ಕೆಲಸ. ಅಂದರೆ ದಿನಕ್ಕೆ ಸುಮಾರು 2,300. ಅದಕ್ಕೆ ಸ್ವಲ್ಪ ಸೇರಿಸಿ 3,000 ಕೇಳಿದರಾಯಿತು' ಎಂಬ ಲೆಕ್ಕ ಅದು. ಇದು ಏಕೆ ತಪ್ಪು ಎಂಬುದನ್ನು ಒಂದು ಉದಾಹರಣೆಯಿಂದ ನೋಡೋಣ.

ಮನೆಗೆ ತಿಂಗಳಿಗೆ 50,000 ಬೇಕು ಎಂದಿಟ್ಟುಕೊಳ್ಳಿ. ವರ್ಷಕ್ಕೆ 6 ಲಕ್ಷ. ಇಂಟರ್ನೆಟ್, ಸಾಫ್ಟ್‌ವೇರ್, ಓಡಾಟ, ಲೆಕ್ಕಪರಿಶೋಧಕರ ಶುಲ್ಕ ಸೇರಿ ತಿಂಗಳಿಗೆ 10,000 ಎಂದರೆ ವರ್ಷಕ್ಕೆ 1.2 ಲಕ್ಷ. ಆರೋಗ್ಯ ವಿಮೆಗೆ 30,000. ತೆರಿಗೆ ಮತ್ತು ಪಿಎಫ್ ಇಲ್ಲದ ಕಾರಣ ತಾವೇ ಮಾಡಬೇಕಾದ ಉಳಿತಾಯಕ್ಕೆ 1.5 ಲಕ್ಷ. ಒಟ್ಟು 9 ಲಕ್ಷ.

ಈಗ ದಿನಗಳ ಲೆಕ್ಕ. ವಾರಕ್ಕೆ 5 ದಿನದಂತೆ ವರ್ಷಕ್ಕೆ 260 ದಿನ. ಹಬ್ಬ, ರಜೆ, ಜ್ವರ ಎಂದು 40 ದಿನ ತೆಗೆದರೆ ಉಳಿಯುವುದು 220. ಇದರಲ್ಲಿ ಅರ್ಧದಷ್ಟು ಸಮಯ ಕ್ಲೈಂಟ್ ಹುಡುಕಲು, ಮೀಟಿಂಗ್‌ಗೆ, ಬಿಲ್ ಕಳಿಸಲು, ಹೊಸದನ್ನು ಕಲಿಯಲು ಹೋಗುತ್ತದೆ. ಹಣ ತರುವ ದಿನಗಳು 110 ಮಾತ್ರ. 9 ಲಕ್ಷವನ್ನು 110ರಿಂದ ಭಾಗಿಸಿದರೆ ದಿನಕ್ಕೆ ಸುಮಾರು 8,200 ರೂಪಾಯಿ!

ಇದು ಉದಾಹರಣೆಯಷ್ಟೇ. ನಿಮ್ಮ ಊರು, ಖರ್ಚಿಗೆ ತಕ್ಕಂತೆ ಅಂಕಿ ಬದಲಾಗುತ್ತದೆ. ಆದರೆ ಸಂಬಳದ ದಿನದರಕ್ಕಿಂತ ಮೂರು ಪಟ್ಟು ಹೆಚ್ಚು ಕೇಳುವುದು ದುರಾಸೆಯಲ್ಲ, ಬದುಕಲು ಬೇಕಾದ ಲೆಕ್ಕ ಎಂಬುದು ಇದರಿಂದ ತಿಳಿಯುತ್ತದೆ. ದರ ಹೇಳುವಾಗ ದನಿ ನಡುಗದಿರಲು ಈ ಲೆಕ್ಕ ಕೈಯಲ್ಲಿರಬೇಕು.

ನೋಂದಣಿ: ಏನು ಬೇಕು, ಏನು ಬೇಡ?

ಒಬ್ಬರೇ ಶುರು ಮಾಡುವುದಾದರೆ ಏಕಮಾಲೀಕತ್ವವೇ ಸರಳ ಮಾರ್ಗ. ಮಾಲೀಕರ ಪ್ಯಾನ್ ಸಂಖ್ಯೆಯೇ ಸಂಸ್ಥೆಯ ಪ್ಯಾನ್. ಇಬ್ಬರು ಸೇರಿದರೆ ಎಲ್‌ಎಲ್‌ಪಿ ಮಾಡಬಹುದು. ಮೊದಲ ದಿನವೇ ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿದರೆ ಪ್ರತಿವರ್ಷದ ಕಡತ ಸಲ್ಲಿಕೆ, ಆಡಿಟ್ ಖರ್ಚು ಬೆನ್ನಿಗೆ ಬೀಳುತ್ತದೆ.

ಎಲ್ಲರೂ ಮಾಡಬೇಕಾದ ಕೆಲಸ ಉದ್ಯಮ್ ನೋಂದಣಿ. 2020ರ ಜುಲೈ 1ರಿಂದ ಜಾರಿಯಲ್ಲಿರುವ ಈ ನೋಂದಣಿ ಪೂರ್ತಿ ಆನ್‌ಲೈನ್, ಪೂರ್ತಿ ಉಚಿತ. ಹಣ ಕೇಳುವ ಖಾಸಗಿ ವೆಬ್‌ಸೈಟ್‌ಗಳಿಂದ ದೂರವಿರಿ. 2025ರ ಏಪ್ರಿಲ್ 1ರಿಂದ ಹೂಡಿಕೆ 2.5 ಕೋಟಿ ಮತ್ತು ವಹಿವಾಟು 10 ಕೋಟಿ ರೂಪಾಯಿ ಮೀರದ ಉದ್ಯಮಗಳು 'ಅತಿಸಣ್ಣ' ವರ್ಗಕ್ಕೆ ಸೇರುತ್ತವೆ. ಹಾಗಾಗಿ ಹೊಸ ಏಜೆನ್ಸಿಗಳೆಲ್ಲ ಬಹುತೇಕ ಇದರೊಳಗೇ ಬರುತ್ತವೆ.

ಸೇವಾ ಕ್ಷೇತ್ರದವರಿಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಾಗುವುದು ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟಿದಾಗ. ಈಶಾನ್ಯದ ಕೆಲವು ರಾಜ್ಯಗಳಲ್ಲಿ ಈ ಮಿತಿ 10 ಲಕ್ಷ. ಮುಂಬೈಯಲ್ಲಿ ಕುಳಿತು ಬೆಂಗಳೂರಿನ ಕ್ಲೈಂಟ್‌ಗೆ ಕೆಲಸ ಮಾಡಿದರೂ ಇದೇ ಮಿತಿ ಅನ್ವಯ. ನೋಂದಣಿ ಆದ ಮೇಲೆ ಇಂಥ ಸೇವೆಗಳಿಗೆ ಸಾಮಾನ್ಯವಾಗಿ ಶೇ 18ರ ತೆರಿಗೆ. ಇಲ್ಲೊಂದು ಎಚ್ಚರಿಕೆ ಇದೆ. ಜಿಎಸ್‌ಟಿ ಕಟ್ಟಬೇಕಾದದ್ದು ಬಿಲ್‌ನ ದಿನಾಂಕ ಅಥವಾ ಹಣ ಬಂದ ದಿನ, ಯಾವುದು ಮೊದಲೋ ಅದರ ಲೆಕ್ಕದಲ್ಲಿ. ಮಾರ್ಚ್‌ನಲ್ಲಿ ಬಿಲ್ ಕಳಿಸಿ ಜುಲೈನಲ್ಲಿ ಹಣ ಬಂದರೆ, ಅಷ್ಟರೊಳಗೆ ತೆರಿಗೆ ನಿಮ್ಮ ಜೇಬಿನಿಂದ ಹೋಗಿರುತ್ತದೆ.

ಮಹಾರಾಷ್ಟ್ರದಲ್ಲಿ ಸ್ವಂತ ಉದ್ಯೋಗ ಮಾಡುವವರು ವರ್ಷಕ್ಕೆ 2,500 ರೂಪಾಯಿ ವೃತ್ತಿ ತೆರಿಗೆಯನ್ನೂ ಕಟ್ಟಬೇಕು. ಸಂವಿಧಾನವು ಈ ತೆರಿಗೆಗೆ ಹಾಕಿರುವ ಗರಿಷ್ಠ ಮಿತಿಯೂ ಅಷ್ಟೇ. ದೆಹಲಿಯಲ್ಲಿ ವೃತ್ತಿ ತೆರಿಗೆಯೇ ಇಲ್ಲ.

ಹಣ ಕೊಡಲು ಸತಾಯಿಸಿದರೆ?

'ಅಕೌಂಟ್ಸ್‌ನವರು ರಜೆಯಲ್ಲಿದ್ದಾರೆ', 'ಮುಂದಿನ ವಾರ ಪಕ್ಕಾ', 'ಸಾಹೇಬರ ಸಹಿ ಬಾಕಿ ಇದೆ'. ಸಣ್ಣ ಏಜೆನ್ಸಿ ನಡೆಸುವವರಿಗೆ ಈ ಮಾತುಗಳು ಬಾಯಿಪಾಠ. ಸಂಬಂಧ ಕೆಟ್ಟೀತು ಎಂಬ ಅಂಜಿಕೆಯಿಂದ ಹಲವರು ಸುಮ್ಮನಿರುತ್ತಾರೆ. ಆದರೆ ಕಾನೂನು ಅವರ ಪರವಾಗಿದೆ.

2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ, ಲಿಖಿತ ಒಪ್ಪಂದ ಇಲ್ಲದಿದ್ದರೆ ಸೇವೆ ಪಡೆದ 15 ದಿನಗಳೊಳಗೆ ಹಣ ಕೊಡಬೇಕು. ಒಪ್ಪಂದ ಇದ್ದರೂ ಅವಧಿ 45 ದಿನ ಮೀರುವಂತಿಲ್ಲ. '90 ದಿನ ನಮ್ಮ ಕಂಪನಿಯ ಪಾಲಿಸಿ' ಎಂಬ ಮಾತಿಗೆ ಈ ಕಾಯ್ದೆಯಡಿ ಬೆಲೆಯಿಲ್ಲ. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಲೆಕ್ಕದ ಚಕ್ರಬಡ್ಡಿ. ಬ್ಯಾಂಕ್ ದರ ಶೇ 6 ಇದ್ದರೆ ಬಡ್ಡಿ ಶೇ 18.

ಇದರ ಜೊತೆಗೆ 2024ರ ಏಪ್ರಿಲ್‌ನಿಂದ ಆದಾಯ ತೆರಿಗೆ ನಿಯಮವೂ ಬಿಗಿಯಾಗಿದೆ. ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ ಈ ಗಡುವಿನೊಳಗೆ ಹಣ ಕೊಡದೆ ಬಾಕಿ ಉಳಿಸಿಕೊಂಡ ಕಂಪನಿ, ಆ ಮೊತ್ತವನ್ನು ಆ ವರ್ಷದ ಖರ್ಚೆಂದು ತೋರಿಸಿ ತೆರಿಗೆ ಉಳಿಸುವಂತಿಲ್ಲ. ಹಣ ಕೊಟ್ಟ ವರ್ಷದಲ್ಲಷ್ಟೇ ಆ ಲಾಭ. ಹಾಗಾಗಿ ಬಿಲ್‌ನ ಮೇಲೆ ಉದ್ಯಮ್ ಸಂಖ್ಯೆಯನ್ನು ಮುದ್ರಿಸಿದರೆ ಅಕೌಂಟ್ಸ್ ವಿಭಾಗದ ಗಮನ ತಾನಾಗಿಯೇ ಅದರ ಮೇಲೆ ಬೀಳುತ್ತದೆ.

ಅದಕ್ಕೂ ಬಗ್ಗದಿದ್ದರೆ ಆನ್‌ಲೈನ್‌ನಲ್ಲಿ ದೂರು ಸಲ್ಲಿಸಬಹುದು. ದೂರು ಹೋಗುವುದು ಸೇವೆ ಕೊಟ್ಟವರ ರಾಜ್ಯದ ಮಂಡಳಿಗೆ. ಚೆನ್ನೈನ ಏಜೆನ್ಸಿಗೆ ದೆಹಲಿಯ ಕಂಪನಿ ಹಣ ಕೊಡದಿದ್ದರೆ ದೆಹಲಿಗೆ ಅಲೆಯಬೇಕಿಲ್ಲ. ಈ ರಕ್ಷಣೆ ಸಿಗಬೇಕಾದರೆ ಕೆಲಸ ಒಪ್ಪಿಕೊಳ್ಳುವ ಮೊದಲೇ ಉದ್ಯಮ್ ನೋಂದಣಿ ಮಾಡಿಸಿರುವುದು ಕ್ಷೇಮ. ದೂರಿನವರೆಗೆ ಹೋಗದಿರಲು ಇನ್ನೂ ಒಳ್ಳೆಯ ದಾರಿ ಮುಂಗಡ. ಕೆಲಸಕ್ಕೆ ಮೊದಲು ಮೂರನೇ ಒಂದು ಅಥವಾ ಅರ್ಧ ಭಾಗ ಪಡೆದುಕೊಳ್ಳಿ.

ಕೈಗೆ ಬಂದದ್ದೆಲ್ಲ ನಿಮ್ಮದಲ್ಲ

ವೃತ್ತಿಪರ ಶುಲ್ಕ ಕೊಡುವ ಕಂಪನಿಗಳು ಸಾಮಾನ್ಯವಾಗಿ ಶೇ 10 ಟಿಡಿಎಸ್ ಹಿಡಿದುಕೊಳ್ಳುತ್ತವೆ. ಅದು ನಷ್ಟವಲ್ಲ. ಆದಾಯ ತೆರಿಗೆ ಇಲಾಖೆಯ ದಾಖಲೆಯಲ್ಲಿ ಆ ಮೊತ್ತ ಕಾಣಿಸುತ್ತಿದೆಯೇ ಎಂದು ಆಗಾಗ ನೋಡುತ್ತಿರಬೇಕು. ಟಿಡಿಎಸ್ ಕಳೆದೂ ವರ್ಷದ ತೆರಿಗೆ 10,000 ರೂಪಾಯಿ ಅಥವಾ ಹೆಚ್ಚು ಬಾಕಿಯಿದ್ದರೆ ಮುಂಗಡ ತೆರಿಗೆ ಕಟ್ಟಬೇಕು. ಜೂನ್ 15, ಸೆಪ್ಟೆಂಬರ್ 15, ಡಿಸೆಂಬರ್ 15 ಮತ್ತು ಮಾರ್ಚ್ 15 ಇದರ ಗಡುವು. ಪ್ರತಿ ಪಾವತಿಯಲ್ಲೂ ಒಂದು ಪಾಲನ್ನು ತೆರಿಗೆಗೆಂದೇ ಬೇರೆ ಖಾತೆಗೆ ಹಾಕುವ ಅಭ್ಯಾಸ ಮಾಡಿಕೊಂಡರೆ ಮಾರ್ಚ್‌ನಲ್ಲಿ ಸಾಲ ಕೇಳುವ ಪರಿಸ್ಥಿತಿ ಬರುವುದಿಲ್ಲ.

ಬರೆದದ್ದು ಯಾರ ಸ್ವತ್ತು?

ನೌಕರಿಯಲ್ಲಿದ್ದಾಗ ಕೆಲಸದ ಭಾಗವಾಗಿ ಬರೆದದ್ದರ ಹಕ್ಕು ಸಾಮಾನ್ಯವಾಗಿ ಮಾಲೀಕರದ್ದು. ಸ್ವತಂತ್ರವಾಗಿ ಬರೆದಾಗ ಮಾತು ಬೇರೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರಹದ ಮೊದಲ ಹಕ್ಕುದಾರರು ಬರೆದವರೇ. ಅದನ್ನು ಕ್ಲೈಂಟ್‌ಗೆ ವರ್ಗಾಯಿಸಲು ಲಿಖಿತ ಪತ್ರ ಬೇಕು. ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ 5 ವರ್ಷ, ಎಲ್ಲಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದು ಅರ್ಥ. ಹಣ ಕೊಟ್ಟು ತೆಗೆಸಿದ ಫೋಟೊ, ಸಿನಿಮಾ ಚಿತ್ರಿಕೆಯಂಥ ಕೆಲವಕ್ಕೆ ಮಾತ್ರ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರೇ ಹಕ್ಕುದಾರರು. 'ಪೂರ್ತಿ ಹಣ ಸಂದ ಮೇಲೆ ಹಕ್ಕು ವರ್ಗಾವಣೆ' ಎಂಬ ಒಂದು ಸಾಲು ಒಪ್ಪಂದದಲ್ಲಿದ್ದರೆ ಬಾಕಿ ವಸೂಲಿಗೂ ಅದೇ ಬಲ.

ಹಾಗೆಯೇ ಎಷ್ಟು ಸಲ ತಿದ್ದಿಕೊಡುತ್ತೀರಿ ಎಂಬುದನ್ನೂ ಬರೆಯಿರಿ. ಇಲ್ಲವಾದರೆ ಒಂದು ಪುಟದ ಬ್ರೋಷರ್ ಹನ್ನೊಂದನೇ ಸಲವೂ ವಾಪಸ್ ಬರುತ್ತದೆ.

ಎಐ ಕಾಲದಲ್ಲಿ ಕನ್ನಡದ ಕೆಲಸ ಉಳಿಯುತ್ತದೆಯೇ?

ಇದು ಈಗ ಎಲ್ಲರ ಪ್ರಶ್ನೆ. ಸರ್ಕಾರದ 'ಭಾಷಿಣಿ' 2022ರ ಜುಲೈನಲ್ಲಿ ಬಂತು, ಅದೇ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂತು. ಪದಕ್ಕೆ ಇಷ್ಟು ಪೈಸೆ ಎಂದು ಅನುವಾದ ಮಾಡಿಕೊಡುವವರ ಮೇಲೆ ಇದರ ಒತ್ತಡ ಬಿದ್ದೇ ಬೀಳುತ್ತದೆ.

ಆದರೆ ಒಂದೇ ಕರಪತ್ರದ ಮೊದಲ ಸಾಲಿನಲ್ಲಿ 'ನೀವು', ಮೂರನೇ ಸಾಲಿನಲ್ಲಿ 'ನೀನು' ಬಂದರೆ ಓದುವ ಹಿರಿಯರಿಗೆ ಹೇಗನಿಸುತ್ತದೆ, ಬೆಂಗಳೂರಿಗೆ ಬರೆದ ಜಾಹೀರಾತು ಧಾರವಾಡದಲ್ಲಿ ನಾಟುತ್ತದೆಯೇ, ಔಷಧಿ ಚೀಟಿಯ ಮೇಲಿನ ಸಾಲು ತಪ್ಪು ಅರ್ಥ ಕೊಟ್ಟರೆ ಹೊಣೆ ಯಾರು? ಇವಕ್ಕೆ ಉತ್ತರ ಕೊಡುವ ಮನುಷ್ಯರು ಬೇಕೇ ಬೇಕು. ಕಂಪನಿಗಳ ಮುಖ್ಯ ಕಚೇರಿಗಳು ಮುಂಬೈ, ದೆಹಲಿಯಲ್ಲಿವೆ, ಕನ್ನಡ ಓದುವ ಗ್ರಾಹಕರು ಹುಬ್ಬಳ್ಳಿ, ಮೈಸೂರಿನಲ್ಲಿದ್ದಾರೆ. ಎರಡೂ ಕಡೆಯ ರೀತಿ-ನೀತಿ ಗೊತ್ತಿರುವ ಹೊರನಾಡ ಕನ್ನಡಿಗರಿಗೆ ಇಲ್ಲಿ ನಿಜವಾದ ಅವಕಾಶವಿದೆ. ಮಾರಬೇಕಾದದ್ದು ಪದಗಳನ್ನಲ್ಲ, ಹೊಣೆಗಾರಿಕೆಯನ್ನು.

ಬೆಳೆಯಬೇಕಾದದ್ದು ಯಾರು?

ಏಜೆನ್ಸಿ ಬೆಳೆಯುವ ಮೊದಲು ಮಾಲೀಕರು ಬೆಳೆಯಬೇಕು. ಇದು ಪುಸ್ತಕದ ಮಾತಲ್ಲ, ದಿನದಿನದ ಅಭ್ಯಾಸ.

• ಬಾಕಿ ಕೇಳುವುದನ್ನು ಬೇಡುವುದೆಂದು ಭಾವಿಸಬೇಡಿ. ಗಡುವಿನ ಮಾರನೇ ದಿನವೇ ಒಂದು ಸೌಜನ್ಯದ ಇಮೇಲ್ ಹೋಗಲಿ. ಅಂಗಲಾಚುವುದೂ ಬೇಡ, ಸಿಟ್ಟೂ ಬೇಡ. ಬಿಲ್ ಸಂಖ್ಯೆ, ದಿನಾಂಕ, ಮೊತ್ತ ಇದ್ದರೆ ಸಾಕು.

• ಒಬ್ಬರೇ ಕ್ಲೈಂಟ್‌ನಿಂದ ಅರ್ಧಕ್ಕಿಂತ ಹೆಚ್ಚು ಆದಾಯ ಬರುತ್ತಿದ್ದರೆ ಎಚ್ಚರ. ಅದು ಪಿಎಫ್, ರಜೆ ಇಲ್ಲದ ನೌಕರಿಯಷ್ಟೇ.

• ಪರಿಚಯದವರಿಗೆ ಪುಕ್ಕಟೆ ಕೆಲಸ ಮಾಡುವುದಾದರೂ ಬಿಲ್‌ನಲ್ಲಿ ಪೂರ್ತಿ ದರ ಬರೆದು, ಕೆಳಗೆ ರಿಯಾಯಿತಿ ತೋರಿಸಿ. ಕೆಲಸದ ಬೆಲೆ ಅವರಿಗೂ ಗೊತ್ತಾಗಲಿ.

• ಕೆಲಸ ಹಂಚಿಕೊಡಲು ಕಲಿಯಿರಿ. ಎಲ್ಲವನ್ನೂ ತಾವೇ ಬರೆಯುವವರು ರಜೆಯನ್ನೇ ಕಾಣುವುದಿಲ್ಲ. ಹೊರಗಿನವರಿಗೆ ಕೆಲಸ ಕೊಟ್ಟರೆ ಅವರ ಹಣವನ್ನೂ ಸಮಯಕ್ಕೆ ಕೊಡಿ. ನಿಮ್ಮನ್ನು ಸತಾಯಿಸಿದಂತೆ ಅವರನ್ನು ಸತಾಯಿಸಿದರೆ ವ್ಯತ್ಯಾಸವೇನು ಉಳಿಯಿತು?

• ಮನೆಯವರಿಗೆ ಲೆಕ್ಕ ಗೊತ್ತಿರಲಿ. ಯಾವ ತಿಂಗಳು ಎಷ್ಟು ಬಂತು, ಎಷ್ಟು ಬರಬೇಕಿದೆ ಎಂಬುದನ್ನು ಮುಚ್ಚಿಟ್ಟರೆ ಒತ್ತಡ ದುಪ್ಪಟ್ಟಾಗುತ್ತದೆ.

ಕೊನೆಯದಾಗಿ, ಶುರು ಮಾಡುವಾಗಲೇ ಒಂದು ಗಡಿ ಹಾಕಿಕೊಳ್ಳಿ. 'ಉಳಿತಾಯ ಇಷ್ಟಕ್ಕೆ ಇಳಿದರೆ' ಅಥವಾ '18 ತಿಂಗಳಲ್ಲಿ ಮನೆಖರ್ಚು ಹುಟ್ಟದಿದ್ದರೆ' ಮತ್ತೆ ನೌಕರಿ ಹುಡುಕುತ್ತೇನೆ ಎಂಬ ತೀರ್ಮಾನ ಕಾಗದದ ಮೇಲಿರಲಿ. ಹಾಗೆ ಮರಳುವುದು ಸೋಲಲ್ಲ. ದರ ಹೇಳಲು, ಒಪ್ಪಂದ ಓದಲು, ಬೇಡ ಎನ್ನಲು ಕಲಿತವರು ಮುಂದಿನ ಸಂಬಳದ ಮಾತುಕತೆಗೂ ಬೇರೆಯದೇ ಧೈರ್ಯದಿಂದ ಕೂರುತ್ತಾರೆ.